ಇಪ್ಪತ್ತೆರಡು ಅಂಗುಲದ ಕುರ್ಚಿ

ಸೊಂಟ ಮುರಿದುಕೊಂಡು ಬಂದವರನ್ನು ನೋಡಿದ ಕೂಡಲೇ ಡಾಕ್ಟರ್ ಸೀತಾರಾಮಪ್ಪನವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನೀವು ಯಾರ ಮುಂದೆ ಕುರ್ಚಿ ಮೇಲೆ ಕೂತ್ಕೊಳ್ಳಲ್ಲ?"

ಎಲ್ಲಿ ಬಿದ್ದಿರಿ, ಎಷ್ಟು ದಿನವಾಯಿತು, ಸಕ್ಕರೆ ಕಾಯಿಲೆ ಇದೆಯೆ ಎಂಬುದೆಲ್ಲ ಆಮೇಲೆ. ನೋವಿನಿಂದ ಹಲ್ಲು ಕಚ್ಚಿಕೊಂಡು ಮಲಗಿದ ಮುದುಕಿ ಈ ಪ್ರಶ್ನೆ ಕೇಳಿ ಮಗನ ಮುಖ ನೋಡುತ್ತಿದ್ದಳು. ಡಾಕ್ಟರ ತಲೆ ನೆಟ್ಟಗಿದೆಯೆ ಎಂದು ಮಗ ನನ್ನ ಮುಖ ನೋಡುತ್ತಿದ್ದ. ನಾನು ಏನೂ ಕೇಳಿಸದವನಂತೆ ಎಕ್ಸ್‌ರೇ ಪ್ಲೇಟು ಒರೆಸುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಹೊರಡುತ್ತಿತ್ತು. "ನಮ್ಮ ದೊಡ್ಡಮಾವನ ಮುಂದೆ." "ಊರ ಪಟೇಲರ ಮುಂದೆ." "ಒಂದನೇ ಕ್ಲಾಸು ಹೇಳ್ಕೊಟ್ಟ ಮೇಷ್ಟ್ರ ಮುಂದೆ." ಮಾಲೂರಿನ ಕಡೆಯ ಒಬ್ಬ ಮುದುಕ ಮಾತ್ರ, "ನಮ್ಮನೆಯೋಳ ಮುಂದೆ" ಎಂದ. ಡಾಕ್ಟರು ನಗಲಿಲ್ಲ. ಅದನ್ನೂ ಕೇಸ್ ಶೀಟಿನಲ್ಲಿ ರಕ್ತದ ಗುಂಪಿನ ಕೆಳಗೆ ಬರೆದುಕೊಂಡು, "ಅವರನ್ನ ಕರ್ಕೊಂಡು ಬನ್ನಿ. ಅವರು ಬರೋವರೆಗೂ ನಾನು ಕತ್ತಿ ಮುಟ್ಟಲ್ಲ" ಎಂದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಕೋಲಾರದ ನಮ್ಮ ಆಸ್ಪತ್ರೆಯಲ್ಲಿ ಆ ಪ್ರಶ್ನೆಯನ್ನು ಈಗ ಯಾರೂ ಕೇಳುವುದಿಲ್ಲ. ಯಾವ ಆಸ್ಪತ್ರೆ ಎಂಬುದನ್ನು ಹೇಳುವ ಅಗತ್ಯವೂ ಇಲ್ಲ. ನಾನು ಅಲ್ಲಿ ಎಕ್ಸ್‌ರೇ ತೆಗೆಯುವವನಾಗಿದ್ದೆ. ದಿನಾ ಸುಗಟೂರಿನಿಂದ ಬಸ್ಸಿನಲ್ಲಿ ಬಂದು, ಕತ್ತಲೆ ಕೋಣೆ ಹೊಕ್ಕು, ಸಂಜೆ ಅದೇ ಬಸ್ಸಿನಲ್ಲಿ ವಾಪಸಾಗುವುದು ನನ್ನ ಕೆಲಸ. ನನಗೆ ಜನರು ಮುಖಕ್ಕಿಂತ ಮೂಳೆಯಿಂದಲೇ ಹೆಚ್ಚು ನೆನಪಿರುತ್ತಾರೆ. ಸಂತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಹೆಸರು ಹೊಳೆಯದಿದ್ದರೂ, ಇವರದು ಎಡಗಡೆಯ ತೊಡೆ ಎಂದು ಹೊಳೆಯುತ್ತದೆ. ಇದು ದೊಡ್ಡ ಗುಣವೇನಲ್ಲ. ಹೆಂಡತಿ ಇದಕ್ಕಾಗಿ ಸಾಕಷ್ಟು ಆಡಿಕೊಂಡಿದ್ದಾಳೆ.

ಸೀತಾರಾಮಪ್ಪನವರು ಮುಳಬಾಗಿಲು ತಾಲ್ಲೂಕಿನ ಒಕ್ಕಲುಮನೆಯಿಂದ ಓದಿ ಮೇಲೆ ಬಂದವರು. ಗಿಡ್ಡ ಆಳು, ಕಪ್ಪು ಮೈ, ನೇಗಿಲು ಹಿಡಿಯುವವರ ಹಾಗೆ ಮೊದ್ದು ಕೈ. ಬೇರೆ ಡಾಕ್ಟರುಗಳ ಜೇಬಿನಲ್ಲಿ ಪೆನ್ನು ಇದ್ದರೆ ಇವರ ಜೇಬಿನಲ್ಲಿ ಬಡಗಿಗಳ ಮಡಿಸುವ ಅಡಿಕೋಲು ಇರುತ್ತಿತ್ತು. ರೋಗಿಯ ಎರಡೂ ಕಾಲು ಅಳೆಯುವುದಕ್ಕೂ ಅದೇ, ಮಂಚದ ಎತ್ತರ ಅಳೆಯುವುದಕ್ಕೂ ಅದೇ. ಕನ್ನಡ, ತೆಲುಗು ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುತ್ತಿದ್ದರು. ಇಂಗ್ಲಿಷನ್ನು ಸಿಟ್ಟು ಬಂದಾಗ ಮಾತ್ರ ತೆಗೆಯುತ್ತಿದ್ದರು. ಹೊಸದಾಗಿ ಬಂದ ಡಾಕ್ಟರುಗಳಿಗೆ ಅವರು ಹೇಳುತ್ತಿದ್ದ ಪಾಠ ಒಂದೇ. "ನಾವೂ ಬಡಗಿಗಳೇ ಕಣ್ರಯ್ಯಾ. ಸುತ್ತಿಗೆ, ಮೊಳೆ, ಗರಗಸ ಎಲ್ಲಾ ಅವೇ. ಆದ್ರೆ ನಮ್ಮ ಮರಕ್ಕೆ ಜ್ವರ ಬರುತ್ತೆ. ಅದು ನೆನಪಿರ್ಲಿ."

ಎಪ್ಪತ್ತರ ದಶಕದಲ್ಲಿ ಈಗಿನ ಹಾಗೆ ಆಪರೇಷನ್ ಥಿಯೇಟರಿನಲ್ಲೇ ಪರದೆಯ ಮೇಲೆ ಮೂಳೆ ನೋಡುವ ಯಂತ್ರ ನಮ್ಮಲ್ಲಿರಲಿಲ್ಲ. ಸೊಂಟದ ಕೀಲಿಗೆ ಮೊಳೆ ಹೊಡೆಯುವಾಗ ಡಾಕ್ಟರು ಮೊಳೆಗೆ ದಾರಿಯಾಗಲೆಂದು ಮೊದಲು ಅಂದಾಜಿನ ಮೇಲೆ ಒಂದು ತಂತಿ ಚುಚ್ಚುತ್ತಿದ್ದರು. ನಾನು ಗಾಲಿ ಯಂತ್ರ ತಳ್ಳಿಕೊಂಡು ಬಂದು ಚಿತ್ರ ತೆಗೆದು, ಪ್ಲೇಟು ಎದೆಗವಚಿಕೊಂಡು ಕತ್ತಲೆ ಕೋಣೆಗೆ ಓಡಿ, ತೊಳೆದು, ನೀರು ತೊಟ್ಟಿಕ್ಕುತ್ತಿರುವ ಹಾಗೆಯೇ ಹಿಡಿದುಕೊಂಡು ವಾಪಸ್ ಓಡಬೇಕು. ಅಷ್ಟು ಹೊತ್ತೂ ರೋಗಿಯ ತೊಡೆ ತೆರೆದಿರುತ್ತಿತ್ತು. ಗ್ಲೌಸಿನ ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡು ಎಲ್ಲರೂ ಬಾಗಿಲು ನೋಡುತ್ತ ನಿಂತಿರುತ್ತಿದ್ದರು. ಡಾಕ್ಟರು ಫಿಲ್ಮು ನೋಡುವ ಮೊದಲು ನನ್ನನ್ನು ನೋಡುತ್ತಿದ್ದರು.

"ಏನಯ್ಯಾ ಫೋಟೋದೋನೇ?"

"ಕೂತಿದೆ ಸಾರ್" ಎಂದರೆ ಸುತ್ತಿಗೆ ಎತ್ತುತ್ತಿದ್ದರು. "ಸ್ವಲ್ಪ ಮೇಲಾಗಿದೆ ಸಾರ್" ಎಂದರೆ ತಂತಿ ಎಳೆದು ಮತ್ತೆ ಚುಚ್ಚುತ್ತಿದ್ದರು, ನಾನು ಮತ್ತೆ ಓಡುತ್ತಿದ್ದೆ. ಒಂದು ಮೊಳೆಗೆ ಐದು ಸಲ ಓಡಿದ್ದೂ ಉಂಟು. ಎಷ್ಟು ಓಡಿಸಿದರೂ ಬೈಯುತ್ತಿರಲಿಲ್ಲ. "ಹೊರಗೆ ಹೋಗಿ ಎರಡನೇ ಸಲ ಒಳಗೆ ಬರೋದಕ್ಕಿಂತ, ಒಳಗಿರೋವಾಗ್ಲೇ ಹತ್ತು ಸಲ ನೋಡೋದು ವಾಸಿ" ಎನ್ನುತ್ತಿದ್ದರು. ಮೊದಮೊದಲು ಈ ಮಾತು ನನಗೆ ಒಬ್ಬ ಜಾಗರೂಕ ಮನುಷ್ಯನ ಅಭ್ಯಾಸದ ಮಾತಾಗಿ ಕೇಳಿಸುತ್ತಿತ್ತು. ಆಮೇಲೆ ಹಾಗೆ ಕೇಳಿಸಲಿಲ್ಲ. ಮಧ್ಯೆ ಗೌನಿಪಲ್ಲಿಯ ವೆಂಕಟಮ್ಮ ಬಂದು ಹೋಗಿದ್ದರು.

ವೆಂಕಟಮ್ಮನಿಗೆ ಆಗ ಅರವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದರು. ಗೌನಿಪಲ್ಲಿಯ ಹತ್ತಿರ ಗಂಡನ ಪಾಲಿನ ಮಾವಿನ ತೋಟವಿತ್ತು. ಇಬ್ಬರು ಗಂಡುಮಕ್ಕಳಿದ್ದರೂ ಹೂ ಬಿಟ್ಟಾಗಿನಿಂದ ಕಾಯಿ ಇಳಿಯುವವರೆಗೆ ದಿನಕ್ಕೊಮ್ಮೆ ತೋಟ ಸುತ್ತುವುದು ಆಕೆಯೇ. ಸುಗ್ಗಿಯಲ್ಲಿ ಅಂಗಳದ ತುಂಬ ಹುಲ್ಲು ಹಾಸಿ ಕಾಯಿ ಹರಡಿ ವಿಂಗಡಿಸುವಾಗ, ಹುಲ್ಲಿನಡಿಯಲ್ಲಿದ್ದ ಕಾಯಿಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಮೊದಲು ನಾಟಿ ಕಟ್ಟಿನವನ ಹತ್ತಿರ ಹೋಗಿ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮೂರು ವಾರ ಮಲಗಿದ್ದರು. ಆಮೇಲೆ ಶ್ರೀನಿವಾಸಪುರದ ಮೇಲೆ ಹೋಗುವ ಮಾವಿನ ಲಾರಿಯಲ್ಲಿ, ಹುಲ್ಲಿನ ಮೇಲೆ ಮಲಗಿಸಿ, ಕೋಲಾರಕ್ಕೆ ತಂದರು.

ಡಾಕ್ಟರು ನಾಟಿ ಕಟ್ಟಿನವರನ್ನು ಹಳಿಯುತ್ತಿರಲಿಲ್ಲ. "ಕೈ ಮುರಿದ್ರೆ ಅವನ ಹತ್ರಾನೇ ಹೋಗಿ, ನನಗಿಂತ ಚೆನ್ನಾಗಿ ಕಟ್ತಾನೆ. ಸೊಂಟಕ್ಕೆ ಮಾತ್ರ ಸೀದಾ ಇಲ್ಲಿಗೆ ಬನ್ನಿ" ಎನ್ನುತ್ತಿದ್ದರು. ಆದರೆ ಮೂರು ವಾರ ಕಳೆದುಹೋಗಿತ್ತು. ವೆಂಕಟಮ್ಮನಿಗೆ ಮುರಿದದ್ದು ತೊಡೆಯ ಮೂಳೆಯ ಕುತ್ತಿಗೆ. ಅಲ್ಲಿ ಮುರಿದರೆ, ಸೊಂಟದ ಗೂಡಿನೊಳಗೆ ತಿರುಗುವ ಮೂಳೆಯ ಗುಂಡಿನವರೆಗೆ ರಕ್ತ ಹೋಗುವುದು ನಿಂತುಬಿಡುತ್ತದೆ. ತಡವಾದ ಮೇಲೆ ಮೊಳೆ ಹೊಡೆದರೂ ಕೂಡುವುದಿಲ್ಲ. ಆ ಗುಂಡನ್ನೇ ತೆಗೆದು ಉಕ್ಕಿನ ಗುಂಡು ಕೂಡಿಸಬೇಕು. ಕೂಡಿಸಿದರು. ನಾನು ತೆಗೆದ ಚಿತ್ರದಲ್ಲಿ ಅದು ಕಪ್ಪು ಆಕಾಶದಲ್ಲಿ ಚಂದ್ರನ ಹಾಗೆ ಬೆಳ್ಳಗೆ ಬಂದಿತ್ತು.

ಉಕ್ಕಿನ ಗುಂಡಿಗೆ ಒಂದು ಕಟ್ಟುಪಾಡು. ಅದು ನಡೆಯುತ್ತದೆ, ನಿಲ್ಲುತ್ತದೆ, ಎತ್ತರದ ಕುರ್ಚಿಯಲ್ಲಿ ಕೂರುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ, ಕುಕ್ಕರಗಾಲಲ್ಲಿ ಕೂತರೆ, ಗೂಡಿನಿಂದ ಜಾರಿ ಹೊರಗೆ ಬರುತ್ತದೆ. ನೆಲದ ಮೇಲೆ ಉಣ್ಣುವ, ನೆಲದ ಮೇಲೆ ಮುದ್ದೆ ತಿರುವುವ, ನೆಲದ ಮೇಲೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಜನಕ್ಕೆ ಇದನ್ನು ಹೇಳುವುದು ಸುಲಭವಲ್ಲ. ಸೀತಾರಾಮಪ್ಪನವರು ಹೇಳಿ ಸುಮ್ಮನಾಗುವವರಲ್ಲ. ಆಸ್ಪತ್ರೆಯ ಬಡಗಿಯಿಂದ ಇಪ್ಪತ್ತೆರಡು ಅಂಗುಲ ಎತ್ತರದ ಗಟ್ಟಿ ಕುರ್ಚಿ ಮಾಡಿಸಿ ರೋಗಿಯ ಜೊತೆಗೇ ಊರಿಗೆ ಕಳಿಸುತ್ತಿದ್ದರು. ಗೌನಿಪಲ್ಲಿಗೆ ತಾವೇ ಹೋಗಿ ವೆಂಕಟಮ್ಮನ ಮನೆಯ ಒಲೆ, ಬಚ್ಚಲು, ಜಗುಲಿ ಎಲ್ಲವನ್ನೂ ಅಡಿಕೋಲಿನಲ್ಲಿ ಅಳೆದು ಬಂದರು. ಒಲೆಯನ್ನು ಎತ್ತರಿಸಿ ಕಟ್ಟಿಸಿದರು. ಸೊಸೆಯಂದಿರನ್ನು ಸಾಲಾಗಿ ನಿಲ್ಲಿಸಿ ಪಾಠ ಒಪ್ಪಿಸಿಕೊಂಡರು. ಅವರು ಎಷ್ಟು ಚೆನ್ನಾಗಿ ಒಪ್ಪಿಸಿದರೆಂದರೆ, ಡಾಕ್ಟರು ವಾಪಸು ಬಂದು, "ಇದು ಕೆಡಲ್ಲ ಕಣಯ್ಯಾ" ಎಂದು ನನಗೆ ಎರಡು ಸಲ ಹೇಳಿದರು.

ಎರಡು ತಿಂಗಳಿಗೆ ವೆಂಕಟಮ್ಮ ವಾಪಸ್ ಬಂದರು. ಕಾಲು ಒಳಗೆ ತಿರುಚಿಕೊಂಡು ಗಿಡ್ಡವಾಗಿತ್ತು. ಚಿತ್ರ ತೆಗೆದೆ. ಗುಂಡು ಗೂಡಿನ ಹೊರಗೆ, ಹಿಂದಕ್ಕೆ ಕೂತಿತ್ತು.

"ಏನಮ್ಮಾ ಮಾಡಿದ್ರಿ? ನೆಲದ ಮೇಲೆ ಕೂತ್ರಾ?"

"ಇಲ್ಲ ನಾಯನಾ. ಬಚ್ಚಲಲ್ಲಿ ಕಾಲು ಜಾರ್ತು."

ಡಾಕ್ಟರನ್ನು ಆಕೆ ತೆಲುಗಿನಲ್ಲಿ ನಾಯನಾ, ಅಂದರೆ ಅಪ್ಪಾ, ಎಂದೇ ಕರೆಯುತ್ತಿದ್ದರು. ಡಾಕ್ಟರು ನಂಬಿದರು. ಮತ್ತಿನ ಮದ್ದು ಕೊಟ್ಟು, ಕುಯ್ಯದೆಯೇ ಕಾಲನ್ನು ಎಳೆದು ಗುಂಡನ್ನು ಗೂಡಿಗೆ ಸೇರಿಸಿದರು. ಆ ಕಾಲಿಗೆ ಭಾರ ಕಟ್ಟಿ, ಮೂರು ವಾರ ಅಲುಗಾಡಬಾರದು ಎಂದು ಮಲಗಿಸಿದರು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಸರಳು ಹಾಕಿಸಬೇಕೆಂದು ಅದರ ಎತ್ತರವನ್ನೂ ಬರೆದಿಟ್ಟುಕೊಂಡರು.

ನಿಜ ಹೊರಬಿದ್ದದ್ದು ಎಂಟನೆಯ ದಿನ. ವಾರ್ಡಿನಲ್ಲೇ ಇನ್ನೊಂದು ಚಿತ್ರ ತೆಗೆಯಲು ನಾನು ಗಾಲಿ ಯಂತ್ರ ತಳ್ಳಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲು ಹಾಕಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ಬಂದು ನಿಂತರು. ವೆಂಕಟಮ್ಮನ ಗಂಡನ ಅಣ್ಣ, ಮುನಿಶಾಮಪ್ಪ. ಒಳಗೆ ಬರಲಿಲ್ಲ, ವೆಂಕಟಮ್ಮನನ್ನು ಮಾತಾಡಿಸಲಿಲ್ಲ. ನರ್ಸಿನ ಹತ್ತಿರ, "ಹೆಂಗಿದ್ದಾರೆ ಕೇಳಮ್ಮಾ" ಎಂದರು. ವೆಂಕಟಮ್ಮ ಅವರನ್ನು ನೋಡಿದ್ದೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಾಲಿಗೆ ಕಟ್ಟಿದ ಭಾರವನ್ನು ಮರೆತು, ಮಂಚದಿಂದ ಕೆಳಗೆ ಜಾರತೊಡಗಿದರು. ಭಾವನ ಮುಂದೆ ಮಂಚದ ಮೇಲೆ ಮಲಗಿರುವುದು ಹೇಗೆ? ನಲವತ್ತು ವರ್ಷ ಅವರು ಮನೆಗೆ ಬಂದಾಗಲೆಲ್ಲ ನೆಲದ ಮೇಲೆ, ಕಂಬದ ಮರೆಯಲ್ಲಿ ಕೂತವರು ಆಕೆ. ಹಗ್ಗ ಬಿಗಿಯಿತು, ಸೊಂಟ ತಿರುಚಿತು. ನರ್ಸು ಕೂಗಿಕೊಂಡು ಬಂದು ಹಿಡಿಯುವಷ್ಟರಲ್ಲಿ ಗುಂಡು ಮತ್ತೆ ಹೊರಗೆ ಬಂದಿತ್ತು. ನಾನು ಮಂಚದಿಂದ ಎರಡು ಮಾರು ದೂರದಲ್ಲಿದ್ದೆ. ಪ್ಲೇಟು ಕೈಯಲ್ಲಿ ಹಿಡಿದುಕೊಂಡು ನೋಡುತ್ತಲೇ ಇದ್ದೆ. ಪ್ಲೇಟು ಬಿದ್ದರೆ ಒಡೆಯುತ್ತದೆ ಎಂಬ ಯೋಚನೆ ಆಗ ನನ್ನ ತಲೆಯಲ್ಲಿತ್ತು. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾನು ಕಂಡದ್ದನ್ನು ಡಾಕ್ಟರಿಗೆ ಹೇಳಿದೆ. ಅವರು ಮುನಿಶಾಮಪ್ಪನವರನ್ನು ವರಾಂಡಕ್ಕೆ ಕರೆದು, ಎರಡು ತಿಂಗಳಲ್ಲಿ ಎಷ್ಟು ಸಲ ಆ ಮನೆಗೆ ಹೋಗಿದ್ದಿರಿ ಎಂದು ಕೇಳಿದರು.

"ವಾರಕ್ಕೊಂದು ಸಲ ಹೋಗ್ತಿದ್ದೆ. ಕಾಯಿಲೆಯೋರನ್ನ ನೋಡ್ಬೇಕಲ್ಲಾ?"

"ನೀವು ಹೋದಾಗ ಅವರೆಲ್ಲಿ ಕೂರ್ತಿದ್ರು?"

ಆ ದೊಡ್ಡ ಮನುಷ್ಯ ವಾರ್ಡಿನ ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ ಅವರಿಗೆ ಅರ್ಥವಾಯಿತು. ಟವೆಲು ತೆಗೆದು ಮುಖ ಒರೆಸಿಕೊಂಡು, "ನಾನೆಲ್ಲಿ ಕೂರ್ಬೇಡ ಅಂದೆ ಡಾಕ್ಟ್ರೇ? ನಾನು ಏನೂ ಅನ್ಲಿಲ್ಲ" ಎಂದರು. ಅದು ನಿಜವೇ. ಯಾರೂ ಏನೂ ಅಂದಿರಲಿಲ್ಲ. ಆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕಾದ ಪ್ರಸಂಗ ಎಂದೂ ಬಂದಿರಲಿಲ್ಲ.

ಈ ಸಲ ಎಳೆದರೆ ಗುಂಡು ಕೂರಲಿಲ್ಲ. ಮತ್ತೆ ಕುಯ್ಯಬೇಕು. ಡಾಕ್ಟರು ನನ್ನ ಕತ್ತಲೆ ಕೋಣೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಎರಡೂ ಚಿತ್ರಗಳನ್ನು ಇಡೀ ಮಧ್ಯಾಹ್ನ ನೋಡಿದರು. ಊಟಕ್ಕೆ ಏಳಲಿಲ್ಲ. "ಮನೆ ಅಳೆದೆ, ಒಲೆ ಅಳೆದೆ, ಬಚ್ಚಲು ಅಳೆದೆ. ಮನೆಗೆ ಬರೋರನ್ನ ಅಳೀಲಿಲ್ಲ ಕಣಯ್ಯಾ" ಎಂದರು. "ನಾನೂ ಒಕ್ಕಲುಮನೇಲಿ ಹುಟ್ಟಿದೋನು. ನಮ್ಮಮ್ಮ ನಮ್ಮ ದೊಡ್ಡಪ್ಪನ ಮುಂದೆ ಮಂಚದ ಮೇಲೆ ಕೂತಿದ್ದು ನಾನು ನೋಡಿಲ್ಲ. ಗೊತ್ತಿದ್ದೂ ಕೇಳ್ಲಿಲ್ಲ."

ಸಂಜೆ ವೆಂಕಟಮ್ಮನ ಮಂಚದ ಹತ್ತಿರ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದರು. ರೋಗಿಗಳಿಗೆ ಅಷ್ಟೆಲ್ಲ ಹೇಳುವ ವಾಡಿಕೆ ಆಗಿನ ಡಾಕ್ಟರುಗಳಿಗೆ ಇರಲಿಲ್ಲ.

"ಅಮ್ಮಾ, ಮೊದಲನೇ ಸಲ ನಾನು ಕುಯ್ದಿದ್ದು ದೇವರು ಮಾಡಿದ ಕಾಲು. ಎಲ್ಲೆಲ್ಲಿ ಏನೇನಿದೆ ಅಂತ ಗೊತ್ತಿತ್ತು. ಈಗ ಕುಯ್ಯೋದು ನಾನು ಮಾಡಿದ ಕಾಲು. ಒಳಗೆ ಎಲ್ಲಾ ಒಂದಕ್ಕೊಂದು ಅಂಟ್ಕೊಂಡಿರುತ್ತೆ. ನರ ಯಾವುದು, ಹಳೇ ಗಾಯದ ಗಂಟು ಯಾವುದು ಗೊತ್ತಾಗಲ್ಲ. ರಕ್ತ ಜಾಸ್ತಿ ಹೋಗುತ್ತೆ. ಮೂಳೆ ಸೀಳ್ಬಹುದು. ಕೀವಾಗ್ಬಹುದು. ಟೇಬಲ್ ಮೇಲೇ ಪ್ರಾಣ ಹೋಗ್ಲೂಬಹುದು. ಮೊದಲನೇ ಸಲದಷ್ಟು ಧೈರ್ಯವಾಗಿ ಹೇಳೋಕೆ ನನ್ನ ಕೈಲಿ ಆಗಲ್ಲ."

"ಹಂಗೇ ಬಿಟ್ರೆ ಏನಾಯ್ತದೆ?"

"ಮಂಚದ ಮೇಲೇ ಇರ್ಬೇಕು. ನೋವಿರುತ್ತೆ. ಬೆನ್ನಲ್ಲಿ ಹುಣ್ಣಾಗುತ್ತೆ."

"ಅಂಗಾದ್ರೆ ಕುಯ್ಯಿ ನಾಯನಾ. ನಾನು ತೋಟಕ್ಕೆ ನಡೀಬೇಕು."

ಒಪ್ಪಿದ ಡಾಕ್ಟರು ಒಂದು ಕರಾರು ಹಾಕಿದರು. ಭಾವ ಬಂದು ತಮ್ಮ ಬಾಯಲ್ಲೇ ಅಪ್ಪಣೆ ಕೊಡಬೇಕು. ಇಲ್ಲದಿದ್ದರೆ ಮೂರನೇ ಸಲವೂ ಇದೇ ಗತಿ. ಮಾರನೆಯ ದಿನ ಮುನಿಶಾಮಪ್ಪ ಬಂದರು. ವಾರ್ಡಿನ ನಡುವೆ ಡಾಕ್ಟರು ಒಂದು ಕುರ್ಚಿ ಇಡಿಸಿದ್ದರು. ಭಾವ ಅದರ ಕೈಯ ಮೇಲೆ ಅಂಗೈ ಊರಿ, ವೆಂಕಟಮ್ಮನ ಕಡೆ ನೋಡದೆ, ಕಿಟಕಿಯ ಕಡೆ ನೋಡುತ್ತ ತೆಲುಗಿನಲ್ಲಿ ಹೇಳಿದರು: "ಎಂಕಟಮ್ಮಾ, ಇಂಕ ನಾ ಮುಂದರ ಕುರ್ಚೀಲೋನೇ ಕೂಚೋ." ಇನ್ನು ನನ್ನ ಮುಂದೆ ಕುರ್ಚಿಯಲ್ಲೇ ಕೂತುಕೋ ಎಂದು. ನಲವತ್ತು ವರ್ಷಗಳಲ್ಲಿ ಅವರು ಆಕೆಯ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದಂತೆ. ಆಮೇಲೆ ಮಗ ಹೇಳಿದ. ವೆಂಕಟಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತರು. ನಮಗೆಲ್ಲ ಅದು ಸಂತೋಷದ ಅಳುವಿನ ಹಾಗೆ ಕಂಡಿತು. ನಾವು ಅಷ್ಟು ದಡ್ಡರಿದ್ದೆವು. ಹಿರಿಯರನ್ನು ತನಗೋಸ್ಕರ ಅಷ್ಟು ಕೆಳಗಿಳಿಸಿದೆನಲ್ಲ ಎಂದು ಆಕೆ ಅಳುತ್ತಿದ್ದರು.

ಎರಡನೇ ಆಪರೇಷನ್ನಿನಲ್ಲಿ ಡಾಕ್ಟರು ಹೆದರಿದ್ದೆಲ್ಲ ಆಯಿತು, ಪ್ರಾಣವೊಂದು ಬಿಟ್ಟು. ತೊಡೆಯ ಮೂಳೆಯೊಳಕ್ಕೆ ಇಳಿದಿದ್ದ ಹಳೆಯ ಗುಂಡಿನ ಉಕ್ಕಿನ ಕಾಂಡವನ್ನು ಕೀಳುವಾಗ ಮೂಳೆ ಉದ್ದಕ್ಕೆ ಸೀಳಿತು. ಅದಕ್ಕೆ ತಂತಿ ಸುತ್ತಿ ಬೇರೆ ಗುಂಡು ಕೂಡಿಸಿದರು. ಒಂಬತ್ತನೆಯ ದಿನ ಜ್ವರ ಬಂತು, ಹೊಲಿಗೆಯ ಮಧ್ಯದಿಂದ ಕೀವು ಹೊರಟಿತು. ಆರು ವಾರ ದಿನಾ ತಾವೇ ನಿಂತು ಗಾಯ ತೊಳೆದರು. ಆ ಕೆಲಸವನ್ನು ನರ್ಸುಗಳಿಗೆ ಬಿಡಲಿಲ್ಲ. ಕೀವು ನಿಲ್ಲಲಿಲ್ಲ. ಮೈಯಲ್ಲಿ ಲೋಹವಿರುವವರೆಗೂ ನಿಲ್ಲುವುದಿಲ್ಲ ಎಂಬುದು ಅವರಿಗೆ ಮೊದಲ ವಾರವೇ ಗೊತ್ತಿತ್ತು ಎಂದು ನನ್ನ ಗುಮಾನಿ. ಒಪ್ಪಿಕೊಳ್ಳಲು ಆರು ವಾರ ಬೇಕಾಯಿತು. ನನಗೆ ಆ ದಿನಗಳಲ್ಲಿ ಅವರ ಮೇಲೆ ಸಿಟ್ಟಿತ್ತು. ಮುದುಕಿಯ ಪಾಡು ನೋಡಿ ಅಲ್ಲ, ಅವರು ನನ್ನನ್ನು "ಫೋಟೋದೋನೇ" ಎಂದು ಕರೆಯುವುದನ್ನೇ ನಿಲ್ಲಿಸಿಬಿಟ್ಟಿದ್ದರು ಎಂದು.

ಮೂರನೇ ಸಲ ಕುಯ್ದು ಎಲ್ಲವನ್ನೂ ತೆಗೆದರು. ಗುಂಡು, ಕಾಂಡ, ತಂತಿ, ಎಲ್ಲ. ಒಳಗೆ ಬೇರೆ ಏನನ್ನೂ ಇಡಲಿಲ್ಲ. ತೊಡೆಯ ಮೂಳೆಯ ತುದಿ ಹಾಗೆಯೇ ಮಾಂಸದ ನಡುವೆ ನಿಂತಿತು. ಕೀವು ಹದಿನೈದು ದಿನದಲ್ಲಿ ಆರಿತು. ಕಾಲು ಎರಡು ಅಂಗುಲ ಗಿಡ್ಡವಾಯಿತು. ನನ್ನ ಚಿತ್ರದಲ್ಲಿ ಕೀಲಿರಬೇಕಾದ ಜಾಗ ಖಾಲಿ ಇತ್ತು. ಅದನ್ನು ನೋಡಿ ಡಾಕ್ಟರು, "ಮೂರು ಸಲ ಕುಯ್ದು ಕೊನೆಗೆ ಏನೂ ಇಲ್ಲದ ಹಾಗೆ ಮಾಡಿ ಕಳಿಸ್ತಿದೀನಿ" ಎಂದರು. ಅದಾದ ಮೇಲೆ ಒಂದು ತಿಂಗಳು ಅವರು ಸೊಂಟದ ಆಪರೇಷನ್ ಮಾಡಲಿಲ್ಲ. ಬಂದವರನ್ನು ಬೆಂಗಳೂರಿಗೆ ಕಳಿಸಿದರು.

ಆದರೆ ಒಂದು ವಿಚಿತ್ರವಾಯಿತು. ಮುಂದಿನ ವರ್ಷ ಮಾವಿನ ಕಾಲದಲ್ಲಿ ವೆಂಕಟಮ್ಮ ಕೋಲೂರಿಕೊಂಡು, ಎತ್ತರದ ಅಟ್ಟೆಯ ಚಪ್ಪಲಿ ಹಾಕಿಕೊಂಡು, ವಾಲಾಡುತ್ತ ನಮ್ಮ ವರಾಂಡಕ್ಕೆ ಬಂದರು. ಕೋಲು ಪಕ್ಕಕ್ಕಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಗಾಬರಿಯಾಗಿ ಒಳಗೆ ಓಡಿ ಡಾಕ್ಟರಿಗೆ ಹೇಳಿದೆ.

"ಕೂರ್ಲಿ ಬಿಡಯ್ಯಾ. ಕೀಲೇ ಇಲ್ಲದ ಮೇಲೆ ಜಾರೋದೇನು?"

ಅವರು ಸೋಲೆಂದು ಮನಸ್ಸಿಗೆ ಹಚ್ಚಿಕೊಂಡಿದ್ದು ಆಕೆಗೆ ಪೂರ್ತಿ ಗುಣವಾದ ಹಾಗೆ. ತೋಟಕ್ಕೆ ನಡೆಯುತ್ತಿದ್ದರು. ನಿಧಾನ, ಆದರೆ ದಿನಾ. ನೆಲದ ಮೇಲೆ ಕೂತು ಕಾಯಿ ವಿಂಗಡಿಸುತ್ತಿದ್ದರು. ಭಾವ ಬಂದಾಗ ಕುರ್ಚಿ ಮೂಲೆಯಲ್ಲಿ ಹಾಗೇ ಇರುತ್ತಿತ್ತು, ಆಕೆ ಕಂಬದ ಮರೆಯಲ್ಲಿ ನೆಲದ ಮೇಲೆ. "ಅಪ್ಪಣೆ ಕೊಟ್ಟವ್ರಲ್ಲಾ ಅಮ್ಮಾ?" ಎಂದು ನಾನು ಕೇಳಿದೆ. "ಕೊಟ್ಟವ್ರೆ. ಅದ್ಕೇ ಇನ್ನೂ ಕೂರೋಕಾಗಲ್ಲ" ಎಂದರು.

ಪ್ರತಿ ವರ್ಷ ಒಂದು ಚೀಲ ರಸಪುರಿ ತರುತ್ತಿದ್ದರು. ಆಕೆ ಬಂದಿದ್ದಾರೆ ಎಂದರೆ ಡಾಕ್ಟರು ಹೊರರೋಗಿಗಳ ಸಾಲನ್ನು ಬಿಟ್ಟು ವರಾಂಡಕ್ಕೆ ಬಂದು, ಆಕೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಹಳೆಯ ಗಾಯದ ಮೇಲೆ ಬೆರಳಾಡಿಸಿ, ತೋಟದ ವಿಷಯ, ಹೂವಿನ ವಿಷಯ ಮಾತಾಡುತ್ತಿದ್ದರು. ಗಾಯ ನೋಡುವುದಕ್ಕೆ ಹಾಗೆ ಕೂರುತ್ತಾರೆ ಎಂದು ನಾನು ತಿಳಿದಿದ್ದೆ. ಗಾಯ ಮಾಯ್ದು ಬರಿಯ ಗೆರೆಯಾದ ಮೇಲೂ ಹಾಗೇ ಕೂರುತ್ತಿದ್ದರು. ನನಗೆ ಆಗಲೂ ತಲೆಗೆ ಹೋಗಲಿಲ್ಲ.

ಆ ಪ್ರಶ್ನೆ ಶುರುವಾದದ್ದು ವೆಂಕಟಮ್ಮ ಊರಿಗೆ ಹೋದ ಮೇಲೆಯೇ. ಹೊಸ ಡಾಕ್ಟರುಗಳು ಹಿಂದಿನಿಂದ ನಗುತ್ತಿದ್ದರು. ಪ್ರಶ್ನೆಯ ಹಿಂದೆಯೇ ಅಪ್ಪಣೆಯ ಶಾಸ್ತ್ರವೂ ಬಂತು: ದೊಡ್ಡಮಾವನೋ ಪಟೇಲರೋ ಮೇಷ್ಟ್ರೋ ಬಂದು, ಕುರ್ಚಿಯ ಮೇಲೆ ಕೈಯಿಟ್ಟು, ರೋಗಿಯ ಎದುರಿಗೇ ಹೇಳಬೇಕು, ಅದೂ ಮೊದಲ ಸಲ ಕುಯ್ಯುವುದಕ್ಕೆ ಮುಂಚೆ. ಯಾರ ಮಾತನ್ನು ಮೀರಲು ಆಗುವುದಿಲ್ಲವೋ ಅವರೇ ಕೂರಿಸಿದರೆ ರೋಗಿ ಕೂರುತ್ತಾನೆ ಎಂಬುದು ಅವರ ಲೆಕ್ಕ. ಅಪ್ಪಣೆ ಸಿಕ್ಕಿತು ಎನ್ನುವುದಷ್ಟಕ್ಕೇ ತೃಪ್ತರಾಗುತ್ತಿರಲಿಲ್ಲ. ಕುಯ್ದ ಗಾಯ ಒಣಗಿದ ಮೇಲೆ ಆ ಹಿರಿಯರನ್ನು ಮತ್ತೆ ಕರೆಸಿ, ಅವರ ಎದುರಿಗೇ ರೋಗಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಅರ್ಧ ಗಂಟೆ ಮಾತಾಡಿಸಿ, ಅಭ್ಯಾಸ ಮಾಡಿಸುತ್ತಿದ್ದರು. ಕೆಲವು ಮುದುಕಿಯರು ಆ ಅರ್ಧ ಗಂಟೆಯಲ್ಲಿ ಪಡುತ್ತಿದ್ದ ಸಂಕಟ ಆಪರೇಷನ್ನಿನದಕ್ಕಿಂತ ಹೆಚ್ಚಿರುತ್ತಿತ್ತು. ಆದರೆ ಗುಂಡು ಜಾರಿಸಿಕೊಂಡು ವಾಪಸ್ ಬಂದವರ ಚಿತ್ರ ಆಮೇಲೆ ನಾನು ತೆಗೆದದ್ದು ಬಹಳ ಕಡಿಮೆ.

ನಿವೃತ್ತರಾಗಿ ಅವರು ಮುಳಬಾಗಿಲಿನಲ್ಲಿ ಮನೆ ಮಾಡಿದರು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದರು. ಕೋಲಾರಕ್ಕೆ ಕರೆತಂದಾಗ ಚಿತ್ರ ತೆಗೆದವನು ನಾನೇ. ತೊಡೆಯ ಕುತ್ತಿಗೆ. ತೊಟ್ಟಿಕ್ಕುವ ಫಿಲ್ಮನ್ನು ತಾವೇ ಕೈಗೆ ತೆಗೆದುಕೊಂಡು ಕಿಟಕಿಗೆ ಹಿಡಿದು ನೋಡಿದರು.

"ಗುಂಡೇ ಹಾಕ್ಬೇಕು" ಎಂದರು, ಬೇರೆ ಯಾರದೋ ಚಿತ್ರ ನೋಡಿದವರಂತೆ.

ಆ ಹೊತ್ತಿನಲ್ಲಿ ಸ್ವಲ್ಪ ಹಗುರ ಮಾಡೋಣವೆಂದು ನಾನು ಕೇಳಿದೆ. "ಸಾರ್, ನೀವು ಯಾರ ಮುಂದೆ ಕುರ್ಚಿ ಮೇಲೆ ಕೂತ್ಕೊಳ್ಳಲ್ಲ?"

ಅವರು ನಕ್ಕಾರು ಎಂದುಕೊಂಡಿದ್ದೆ. "ಸುಮ್ನೆ ನಿನ್ನ ಕೆಲಸ ನೋಡಯ್ಯಾ" ಎಂದರು.

ಬೆಂಗಳೂರಿನಲ್ಲಿ ಅವರ ಶಿಷ್ಯರೊಬ್ಬರು ಗುಂಡು ಹಾಕಿದರು. ಎರಡು ತಿಂಗಳಾದ ಮೇಲೆ ಒಂದು ಭಾನುವಾರ ನಾನು ಮುಳಬಾಗಿಲಿಗೆ ನೋಡಲು ಹೋದೆ. ಅದೇ ಕೊನೆಯ ಸಲ. ನಡುಮನೆಯಲ್ಲಿ ಇಪ್ಪತ್ತೆರಡು ಅಂಗುಲದ ಕುರ್ಚಿಯಲ್ಲಿ, ನಮ್ಮ ಬಡಗಿಯೇ ಮಾಡಿದ್ದರಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹೃದಯ ಸರಿಯಿಲ್ಲವಂತೆ. ಆಪರೇಷನ್ನಿನಲ್ಲೇ ಒಂದು ಸಲ ಅದು ನಿಂತೇಹೋದ ಹಾಗಾಗಿತ್ತಂತೆ. "ಇನ್ನೊಂದು ಸಲ ಕುಯ್ಯೋ ಹಾಗಿಲ್ಲ. ಇದು ಜಾರಿದ್ರೆ ಕಥೆ ಮುಗೀತು" ಎಂದು ಅವರೇ ಹೇಳಿದರು. ಅವರ ಹೆಂಡತಿ ಕಾಫಿ ತಂದುಕೊಟ್ಟು, ಇವರನ್ನು ಕುರ್ಚಿಯಲ್ಲಿ ಕೂರಿಸಿ ಕಾಯುವುದೇ ತಮಗೊಂದು ಉದ್ಯೋಗವಾಗಿದೆ ಎಂದರು.

ಅಷ್ಟರಲ್ಲಿ ಹೊರಗೆ ಕೋಲಿನ ಸದ್ದಾಯಿತು. ವೆಂಕಟಮ್ಮ. ಸುದ್ದಿ ಕೇಳಿ ಮಗನ ಜೊತೆ ಗೌನಿಪಲ್ಲಿಯಿಂದ ಬಸ್ಸಿನಲ್ಲಿ ಬಂದಿದ್ದರು. ಮಗ ಮಾವಿನ ಚೀಲವನ್ನು ಬಾಗಿಲ ಪಕ್ಕ ಇಟ್ಟ. ಆಕೆ ಡಾಕ್ಟರನ್ನು ಒಂದು ಸಲ ನೋಡಿ, ಕೋಲನ್ನು ಗೋಡೆಗೆ ಒರಗಿಸಿ, ಗಿಡ್ಡ ಕಾಲನ್ನು ಮಡಿಸಿಕೊಂಡು ಎಂದಿನಂತೆ ನೆಲದ ಮೇಲೆ ಕೂತರು.

ಡಾಕ್ಟರ ಎರಡೂ ಕೈ ಕುರ್ಚಿಯ ಕೈಗಳನ್ನು ಅದುಮಿದವು. ಮೈ ಮುಂದಕ್ಕೆ ಬಂತು.

"ಏನ್ರೀ ಇದು?" ಎಂದರು ಹೆಂಡತಿ.

"ಇರು, ಸ್ವಲ್ಪ ಕೆಳಗಿಳೀತೀನಿ."

ವರಾಂಡದಲ್ಲಿ ಅವರು ಕುಕ್ಕರಗಾಲಲ್ಲಿ ಕೂರುತ್ತಿದ್ದುದನ್ನು ಅಷ್ಟು ವರ್ಷ ನೋಡಿದ್ದ ನಾನು, ಆ ಕ್ಷಣದಲ್ಲಿ, ನನ್ನ ಪ್ರಶ್ನೆಗೆ ಉತ್ತರ ಕಂಡೆ. ಈ ಸಲ ನೋಡುತ್ತ ನಿಲ್ಲಲಿಲ್ಲ. ಕಾಫಿಲೋಟ ಅಲ್ಲೇ ಬಿಟ್ಟು ಎದ್ದು ಹೋಗಿ ಅವರ ಎರಡೂ ಭುಜ ಹಿಡಿದೆ. ಅವರು ನನ್ನ ಕೈ ತಳ್ಳಿದರು. ಆ ಮೊದ್ದು ಕೈಗಳಲ್ಲಿ ಆಗಲೂ ನನಗಿಂತ ಹೆಚ್ಚಿನ ಬಲವಿತ್ತು. "ಬಿಡಯ್ಯಾ, ಆಯಮ್ಮ ನೆಲದ ಮೇಲೆ ಕೂತವ್ರೆ" ಎಂದರು. ಕುರ್ಚಿಯ ಅಂಚಿಗೆ ಬಂದಿದ್ದರು. ನನಗೆ ನಿಜವಾಗಿ ಭಯವಾಯಿತು.

ವೆಂಕಟಮ್ಮ ಕೂತಲ್ಲಿಂದಲೇ ನೆಲದ ಮೇಲೆ ಮೈಯನ್ನು ಎಳೆದುಕೊಂಡು ಮುಂದೆ ಬಂದರು. ಕುರ್ಚಿಯ ಕೈ ಅವರಿಗೆ ಎಟುಕುವಂತಿರಲಿಲ್ಲ. ಅದರ ಕಾಲಿನ ಮೇಲೆ ಅಂಗೈ ಊರಿದರು. ಆಮೇಲೆ, ಅವತ್ತು ವಾರ್ಡಿನಲ್ಲಿ ಅವರ ಭಾವ ಮಾಡಿದ ಹಾಗೆಯೇ, ಡಾಕ್ಟರ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತ ಹೇಳಿದರು.

"ಕೂಚೋ ನಾಯನಾ."

ನನ್ನ ಕೈಯ ಕೆಳಗೆ ಅವರ ಭುಜ ಸಡಿಲವಾಯಿತು. ಡಾಕ್ಟರ್ ಸೀತಾರಾಮಪ್ಪನವರು ಹಿಂದಕ್ಕೆ ಸರಿದು ಕುರ್ಚಿಯಲ್ಲಿ ಕೂತರು, ಮತ್ತು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.